ಮೂರು ಗಾಲಿಯ ಆನೆ, ಊಟವಾಗದ ಆಟೋ

ನಮ್ಮ ಮನೆಯ ಆನೆಗೆ ಇರುವುದು ಮೂರೇ ಗಾಲಿ. ಮೈಸೂರಿನಿಂದ ಹಿಂದಿರುಗುವಾಗ ಚನ್ನಪಟ್ಟಣದ ರಸ್ತೆಬದಿಯ ಅಂಗಡಿಯಲ್ಲಿ ಕೊಂಡಾಗ ನಾಲ್ಕಿದ್ದವು. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಮೆಟ್ಟಿಲ ಮೇಲಿಂದ ಎರಡು ಸಲ ಉರುಳಿದ ಮೇಲೆ ಹಿಂದಿನ ಎಡಗಾಲಿ ಕಳಚಿಕೊಂಡು, ಬಹುಶಃ ಚರಂಡಿಯ ಪಾಲಾಯಿತು. ಈಗ ದಾರ ಹಿಡಿದು ಎಳೆದರೆ ಆನೆ ಒಂದು ಬದಿಗೆ ವಾಲಿ, ಟಕ್ಕು ಟಕ್ಕೆಂದು ನೆಲ ಕುಟ್ಟುತ್ತ ಬರುತ್ತದೆ. ಇನ್ನು ಇದು ಆಟಕ್ಕೆ ಬಾರದೆಂದು ನಾನು ಹಳೆಯ ಪೇಪರಿನ ಕಟ್ಟಿನ ಮೇಲೆ ಎತ್ತಿಟ್ಟಿದ್ದೆ. ತಂಗಿಯ ಮಗ ಅದನ್ನು ಅಲ್ಲಿಂದ ತಂದು ನನ್ನ ತೊಡೆಯ ಮೇಲಿಟ್ಟು, "ದೊಡ್ಡಮ್ಮ, ಇದಕ್ಕೆ ಕಾಲು ನೋವಂತೆ" ಎಂದ.

ಅವನಿಗೆ ಐದೂವರೆ ವರ್ಷ. ಮನೆಯಲ್ಲಿ ಎಲ್ಲರಿಗೂ ಪುಟ್ಟ. ತಂಗಿಯೂ ಅವಳ ಗಂಡನೂ ಹೊರವರ್ತುಲ ರಸ್ತೆಯ ಕಚೇರಿಗಳಿಂದ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟು ಹೊಡೆದಿರುತ್ತದೆ. ಹಾಗಾಗಿ ಶಾಲೆ ಬಿಟ್ಟ ಹೊತ್ತಿನಿಂದ ಅವನು ನನ್ನ ಪಾಲು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಮಕ್ಕಳೊಡನೆ ಆಡುವುದು ಗೊತ್ತಿರಲಿಲ್ಲ, ಹೇಳಿಕೊಡುವುದು ಮಾತ್ರ ಗೊತ್ತಿತ್ತು. ಈ ಎರಡರ ನಡುವಿನ ಅಂತರವನ್ನು ಕಲಿಯಲು ನನಗೆ ಹೆಚ್ಚು ಕಡಿಮೆ ಎರಡು ವರ್ಷ ಹಿಡಿಯಿತು.

ಕಾಲು ನೋವಿನ ಆನೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಆ ಮಧ್ಯಾಹ್ನ ನಿರ್ಧಾರವಾಯಿತು. ದಿವಾನದ ಕೆಳಗಿನಿಂದ ಪ್ಲಾಸ್ಟಿಕ್ಕಿನ ಆಟೋ ಹೊರಬಂತು. ಆನೆ ಕೈ ಅಡ್ಡ ಹಾಕಿತು, ಅಂದರೆ ಸೊಂಡಿಲು ಅಡ್ಡ ಹಾಕಿತು. ಆಟೋ ನಿಲ್ಲಿಸಿ, ಏನನ್ನೂ ಕೇಳದೆ, ಪುಟ್ಟನ ಗಂಟಲಿನಿಂದ ಗಡುಸಾಗಿ "ಆ ಕಡೆ ಬರಲ್ಲ" ಎಂದು ಹೊರಟೇಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಈ ಊರಿನಲ್ಲಿ ಬೆಳೆಯುವ ಮಗುವಿಗೆ ಆಟೋ ಮೊದಲು ಆಡುವ ಮಾತು ಇದಲ್ಲದೆ ಬೇರೆ ಯಾವುದಾದೀತು? ಎರಡನೆಯ ಸಲ ಬಂದ ಅದೇ ಆಟೋ "ಮೀಟರ್ ಮೇಲೆ ಮೂವತ್ತು" ಎಂದಿತು. ಮೂರನೆಯ ಸಲ ಮತ್ತೆ "ಬರಲ್ಲ".

ಹಿಂದಿನ ನಾನಾಗಿದ್ದರೆ ಇಲ್ಲಿ ಬಾಯಿ ಹಾಕಿ, ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು ಪುಟ್ಟಾ ಎಂದು ಒಂದು ಪುಟ್ಟ ಭಾಷಣ ಮಾಡಿರುತ್ತಿದ್ದೆ. ಅಂದು ಹಾಗೆ ಮಾಡದೆ, ಅವನನ್ನು ಬಿಟ್ಟು ಆಟೋವನ್ನೇ ಕೇಳಿದೆ: "ಯಾಕಪ್ಪಾ ಬರಲ್ಲ ಅಂತೀಯ?" ಪುಟ್ಟ ಆಟೋವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. ಅದರ ಮುಂದಿನ ಗಾಲಿಯನ್ನು ಬೆರಳಿನಿಂದ ಎರಡು ಸುತ್ತು ತಿರುಗಿಸಿದ. ಆಮೇಲೆ ದನಿ ಇಳಿಸಿ ಹೇಳಿದ: "ನಂದು ಇನ್ನೂ ಊಟ ಆಗಿಲ್ಲ. ಗ್ಯಾಸ್ ಹಾಕಿಸ್ಬೇಕು. ಅಲ್ಲಿ ತುಂಬಾ ಕ್ಯೂ."

ನಲವತ್ತು ವರ್ಷಗಳಿಂದ ಈ ಊರಿನ ಆಟೋಗಳ ಮೇಲೆ ದೂರು ಹೇಳಿಕೊಂಡೇ ಬಂದಿರುವ ನನಗೆ, ಬರುವುದಿಲ್ಲ ಎನ್ನುವವನಿಗೆ ಊಟ ಆಗಿರಲಿಕ್ಕಿಲ್ಲ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಇದನ್ನು ಬರೆಯಲು ಕೂತಾಗ ಬೇರೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವನ ಮೊದಲ ವಾಕ್ಯದ ಕೊನೆಯಲ್ಲಿದ್ದ "ಅಂತೆ". ಕನ್ನಡದ ಮಕ್ಕಳು ಆಟ ಹೂಡುವುದೇ ಈ ಪ್ರತ್ಯಯದಿಂದ. "ನೀನು ಅಂಗಡಿಯವಳಂತೆ, ನಾನು ತರಕಾರಿ ತಗೊಳ್ಳಕ್ಕೆ ಬರ್ತೀನಂತೆ, ಆಗ ಮಳೆ ಬರತ್ತಂತೆ." ಯಾರೂ ಹೇಳಿಕೊಟ್ಟಿರುವುದಿಲ್ಲ, ನಾವೂ ಚಿಕ್ಕಂದಿನಲ್ಲಿ ಮನೆಯ ಹಿತ್ತಲಿನಲ್ಲಿ ತೆಂಗಿನ ಚಿಪ್ಪು ಇಟ್ಟುಕೊಂಡು ಅಡುಗೆ ಆಟ ಆಡುವಾಗ ಹೀಗೇ ಮಾತಾಡುತ್ತಿದ್ದೆವು. ಕಥೆಯೂ ಅದೇ ಪ್ರತ್ಯಯದಿಂದ ಹುಟ್ಟುತ್ತದೆ: ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ. ದಿನನಿತ್ಯದ ಮಾತಿನಲ್ಲಿ ಅದಕ್ಕಿರುವ ಕೆಲಸವೋ, ಬೇರೆಯವರಿಂದ ಕೇಳಿದ್ದನ್ನು ಮುಟ್ಟಿಸುವುದು: ಅತ್ತೆಗೆ ಹುಷಾರಿಲ್ಲವಂತೆ, ನಾಳೆ ಬರುವುದಿಲ್ಲವಂತೆ. ತರಗತಿಯಲ್ಲಿ ಇವನ್ನು ಬೇರೆ ಬೇರೆ ಪ್ರಯೋಗಗಳೆಂದು ಪಾಠ ಮಾಡಿದವಳು ನಾನು. ಆದರೆ "ಆನೆಗೆ ಕಾಲು ನೋವಂತೆ" ಎಂಬಲ್ಲಿ ಇದು ಯಾವ ಪ್ರಯೋಗ? ಆಟವೂ ಹೌದು, ಕಥೆಯ ಮೊದಲ ಸಾಲೂ ಹೌದು, ಆನೆಯಿಂದ ಕೇಳಿ ಬಂದ ಸುದ್ದಿಯೂ ಹೌದು. ಮರದ ಆನೆ ಏನನ್ನೂ ಹೇಳಿಲ್ಲವೆಂಬುದು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಆದರೂ "ಅಂತೆ" ಎನ್ನಬೇಕಾದರೆ ಅವನು ಮೊದಲು ಆನೆಯ ಕಡೆ ಕಿವಿ ಇಡಬೇಕು.

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಕೊಟ್ಟ ಉಪನ್ಯಾಸದಲ್ಲಿ ಒಂದು ಉದಾಹರಣೆ ಬರುತ್ತದೆ. ಐದು ಮತ್ತು ಏಳು ವರ್ಷದ ಇಬ್ಬರು ಅಕ್ಕತಂಗಿಯರು, ಬಾ, ನಾವು ಅಕ್ಕತಂಗಿ ಆಟ ಆಡೋಣ ಎಂದು ಆಡುತ್ತಾರೆ. ನಿಜಜೀವನದಲ್ಲಿ ಅವರು ಅಕ್ಕತಂಗಿಯರೇ, ಆದರೆ ಅದರ ಗಮನವೇ ಅವರಿಗಿಲ್ಲ. ಆಟದಲ್ಲಿ ಮಾತ್ರ ಅಕ್ಕ ಅಕ್ಕನಂತೆ, ತಂಗಿ ತಂಗಿಯಂತೆ ನಡೆದುಕೊಳ್ಳಬೇಕಾದ್ದರಿಂದ, ಅಕ್ಕನಾಗಿರುವುದೆಂದರೆ ಏನು ಎಂಬುದು ಮೊದಲ ಬಾರಿಗೆ ಅವರ ಕಣ್ಣಿಗೆ ಬೀಳುತ್ತದೆ. ದಿನವೂ ಬೀದಿಯಲ್ಲಿ ಕಾಣುವ ಆಟೋ ಚಾಲಕ ಪುಟ್ಟನಿಗೆ ಮೊನ್ನೆ ಮೊದಲ ಸಲ ಕಂಡದ್ದೂ ಹೀಗೆಯೇ ಇರಬೇಕು.

ಇಷ್ಟು ಜಾಣತನ ನನಗೆ ಬಂದದ್ದು ತಡವಾಗಿ. ಹಿಂದಿನ ವರ್ಷ ಅವನ ಸಿಂಹ ದಿನವೂ ಕರಡಿಮರಿಯನ್ನು ಕಚ್ಚುತ್ತಿತ್ತು. ಕಚ್ಚಿ, ಅಡುಗೆಮನೆಯ ಹಳೆಯ ಸ್ಟೀಲ್ ಡಬ್ಬಿಯೊಳಗೆ ಹಾಕಿ, ಮುಚ್ಚಳ ಬಿಗಿದು, "ಅಳು, ಇನ್ನೂ ಜೋರಾಗಿ ಅಳು" ಎನ್ನುತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ಒಳ್ಳೆಯ ಮನೆಯ ಮಗು, ಇಷ್ಟು ಕ್ರೌರ್ಯ ಎಲ್ಲಿಂದ ಬಂತು? "ಪಾಪ, ಕರಡಿಗೆ ಬೇಜಾರಾಗಲ್ವಾ? ಸಿಂಹ, ಕರಡಿಗೆ ಸಾರಿ ಹೇಳು" ಎಂದೆ. ಪುಟ್ಟ ಸಿಂಹವನ್ನು ನೆಲದ ಮೇಲಿಟ್ಟು, ನನ್ನ ಮುಖವನ್ನೇ ನೋಡಿ, ದೊಡ್ಡವರಿಗೆ ತಿಳಿಹೇಳುವ ತಾಳ್ಮೆಯಿಂದ "ದೊಡ್ಡಮ್ಮ, ಇದು ಆಟ" ಎಂದ. ಅಂದಿನ ಆಟ ಅಲ್ಲಿಗೆ ಮುಗಿಯಿತು. ಮರುದಿನದಿಂದ ನಾನು ಕೋಣೆಗೆ ಬಂದರೆ ಸಿಂಹ ಸುಮ್ಮನಾಗಿಬಿಡುತ್ತಿತ್ತು. ಅದಕ್ಕೂ ಒಂದು ವಾರದ ಹಿಂದೆ ಅವನಿಗೆ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆಸಿ, ಕೈಕಾಲು ಹಿಡಿದು ಕೂರಿಸಿದ್ದರೆಂಬುದನ್ನು ನಾನು ಅದರ ಜೊತೆ ಸೇರಿಸಿ ನೋಡಲೇ ಇಲ್ಲ. ಆಟದಲ್ಲಿ ಮಗು ರೋಗಿಯಾಗಿ ಅಳುತ್ತದೆ, ಆಟಗಾರನಾಗಿ ಅದೇ ಹೊತ್ತಿಗೆ ಸಂತೋಷಪಡುತ್ತದೆ ಎಂಬ ಮಾತೂ ಅದೇ 1933ರ ಉಪನ್ಯಾಸದಲ್ಲಿದೆ. ಅದನ್ನು ನಾನು ಓದುವ ವೇಳೆಗೆ ಕರಡಿ ಡಬ್ಬಿಯಿಂದ ತಾನಾಗಿಯೇ ಹೊರಬಂದು ಸಿಂಹದ ಹಲ್ಲು ಉಜ್ಜುತ್ತಿತ್ತು.

ಸಾರಿ ಹೇಳಿಸುವುದು ನಮ್ಮ ಕಾಲದ ಒಂದು ಚಟ. ಪಾರ್ಕಿನಲ್ಲಿ, ಲಿಫ್ಟಿನಲ್ಲಿ, ಹುಟ್ಟುಹಬ್ಬದ ಮನೆಯಲ್ಲಿ ಮಕ್ಕಳು ಯಾರದೋ ಮುಖ ನೋಡದೆ ಸಾರಿ ಒಪ್ಪಿಸುತ್ತಲೇ ಇರುತ್ತಾರೆ. ನಾನೂ ಆ ಚಟಕ್ಕೆ ಗೊಂಬೆಗಳನ್ನು ಎಳೆದುತಂದಿದ್ದೆ.

ಇನ್ನೊಬ್ಬರ ಮನಸ್ಸಿನಲ್ಲಿ ಇರುವುದು ತನ್ನ ಮನಸ್ಸಿನಲ್ಲಿ ಇರುವುದಕ್ಕಿಂತ ಬೇರೆ ಎಂದು ಮಗುವಿಗೆ ಯಾವಾಗ ತಿಳಿಯುತ್ತದೆ ಎಂಬುದನ್ನು ಅಳೆಯಲು ಸಂಶೋಧಕರು ಬಳಸಿದ್ದೂ ಗೊಂಬೆಗಳನ್ನೇ. 1985ರಲ್ಲಿ ಲಂಡನ್ನಿನ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಸ್ಯಾಲಿ, ಆನ್ ಎಂಬ ಎರಡು ಗೊಂಬೆಗಳಿವೆ. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಆನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಾಳೆ. ಹಿಂದಿರುಗಿದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು, ತಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂಬಂತೆ, ಪೆಟ್ಟಿಗೆಯಲ್ಲಿ ಎನ್ನುತ್ತಾರೆ. ನಾಲ್ಕರ ಆಸುಪಾಸಿನಲ್ಲಿ ಉತ್ತರ ಬದಲಾಗತೊಡಗುತ್ತದೆ. ನಾನು ಇದನ್ನು ಆನೆ, ಕರಡಿ, ಎರಡು ಬಟ್ಟಲು ಮತ್ತು ಒಂದು ಗೋಡಂಬಿಯೊಡನೆ ಮನೆಯಲ್ಲಿ ಮಾಡಿ ನೋಡಿದೆ. ಮೂರೂವರೆ ವರ್ಷದಲ್ಲಿ ಅವನು ತಪ್ಪು ಬಟ್ಟಲು ತೋರಿಸಿದ್ದ. ನಾಲ್ಕೂವರೆಯಲ್ಲಿ ಸರಿಯಾದದ್ದನ್ನು ತೋರಿಸಿ "ಪಾಪ, ಆನೆಗೆ ಗೊತ್ತಿಲ್ಲ" ಎಂದ. ನಾನು ಹಿಗ್ಗಿದೆ. ಅದೇ ವಾರ ಚಕ್ಕುಲಿ ಡಬ್ಬಿ ಜಾಗ ಬದಲಿಸಿ, ನಾನು ಹಳೆಯ ಜಾಗದಲ್ಲಿ ಹುಡುಕುವುದನ್ನು ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದ. ಇನ್ನೊಬ್ಬರಿಗೆ ಏನು ಗೊತ್ತಿಲ್ಲವೆಂದು ಅರಿಯುವ ಶಕ್ತಿಯಿಂದ ಕರುಣೆಯನ್ನೂ ಮಾಡಬಹುದು, ಚಕ್ಕುಲಿಯನ್ನೂ ಕದಿಯಬಹುದು.

ಆದ್ದರಿಂದಲೇ, ಕಲ್ಪನೆಯ ಆಟ ಆಡಿಸಿದರೆ ಮಗು ಅನುಕಂಪವುಳ್ಳದ್ದಾಗಿ ಬೆಳೆಯುತ್ತದೆ ಎಂದು ಆಟಿಕೆಯ ಡಬ್ಬಿಗಳ ಮೇಲೆ ಅಚ್ಚು ಹಾಕುವುದನ್ನು ನಾನು ಅನುಮಾನದಿಂದ ನೋಡುತ್ತೇನೆ. 2013ರಲ್ಲಿ ಅಮೆರಿಕದ ಆಂಜಲೀನ್ ಲಿಲಾರ್ಡ್ ಮತ್ತು ಸಹೋದ್ಯೋಗಿಗಳು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ನಟನೆಯ ಆಟವೇ ಮಕ್ಕಳ ಬೆಳವಣಿಗೆಗೆ ಕಾರಣವೆಂದು ಗಟ್ಟಿಯಾಗಿ ಹೇಳುವಷ್ಟು ಪುರಾವೆ ಇಲ್ಲವೆಂದು ಬರೆದರು; ಅದು ಹಲವು ದಾರಿಗಳಲ್ಲಿ ಒಂದಿರಬಹುದು, ಅಥವಾ ಬೇರೆ ಯಾವುದರದೋ ಜೊತೆಗೆ ಬರುವ ಸಂಗಾತಿಯೂ ಇರಬಹುದು. 2020ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು, ಗೊಂಬೆಯೊಡನೆ ಒಂಟಿಯಾಗಿ ಆಡುವಾಗಲೂ ಮಕ್ಕಳ ಮಿದುಳಿನಲ್ಲಿ ಇತರರನ್ನು ಕುರಿತು ಯೋಚಿಸುವ ಭಾಗ ಚುರುಕಾಗುತ್ತದೆ ಎಂದು ಕಂಡುಕೊಂಡರು. ಕುತೂಹಲದ ಸಂಗತಿಯೇ, ಆದರೆ ಅದಕ್ಕೆ ಹಣ ಕೊಟ್ಟದ್ದು ಬಾರ್ಬಿ ಗೊಂಬೆಯ ಕಂಪನಿ ಎಂಬುದನ್ನೂ ಸೇರಿಸಿ ಓದಬೇಕು. ನನ್ನ ಅನುಭವವೂ ಇವೆರಡರ ನಡುವೆಯೇ ನಿಲ್ಲುತ್ತದೆ. ಆಟೋಗೆ ಊಟವಾಗಿಲ್ಲವೆಂದು ಮರುಗಿದ ಸಂಜೆಯೇ ಪುಟ್ಟ ಎದುರುಮನೆಯ ಹುಡುಗಿಯ ಸೈಕಲ್ಲಿನ ಗಾಳಿ ಬಿಟ್ಟು ಬಂದಿದ್ದ.

ಹಾಗಿದ್ದರೆ ಆಡಿಸುವುದೇಕೆ? ಆಡಿದಾಗ ಅವನ ಕಥೆಗಳು ಬದಲಾಗುವುದನ್ನು ಕಂಡಿದ್ದೇನೆ, ಅದಕ್ಕೆ. ಶಿಕಾಗೋದಲ್ಲಿ ಬಹುಕಾಲ ಶಿಶುವಿಹಾರದ ಶಿಕ್ಷಕಿಯಾಗಿದ್ದ ವಿವಿಯನ್ ಗಸ್ಸಿನ್ ಪೇಲಿ ಒಂದು ಸರಳ ಕ್ರಮ ಇಟ್ಟುಕೊಂಡಿದ್ದರು: ಮಗು ಹೇಳಿದ ಕಥೆಯನ್ನು ಅದು ಹೇಳಿದ ಹಾಗೆಯೇ ಬರೆದುಕೊಳ್ಳುವುದು, ಆಮೇಲೆ ತರಗತಿಯ ಮಕ್ಕಳೆಲ್ಲ ಸೇರಿ ಅದನ್ನು ಅಭಿನಯಿಸುವುದು. ನಾನೂ ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ತಿದ್ದುವ ಕೈಯನ್ನು ಕಟ್ಟಿಹಾಕುವುದು ನನ್ನಂಥವಳಿಗೆ ಸುಲಭವಲ್ಲ. ಮೊದಮೊದಲು ಅವನ "ಅಂತು" ನನ್ನ ಪೆನ್ನಿನಲ್ಲಿ "ಎಂದಿತು" ಆಗಿಬಿಡುತ್ತಿತ್ತು. ಓದಿ ಹೇಳಿದಾಗ "ನಾನು ಹಂಗೆ ಹೇಳ್ಲಿಲ್ಲ" ಎಂದು ಅವನೇ ತಿದ್ದಿಸಿದ.

ಜೂನ್ ತಿಂಗಳ ಮೊದಲ ಕಥೆ ಹೀಗಿದೆ: "ಆನೆ ಇತ್ತು. ಆಮೇಲೆ ಬಿತ್ತು. ಆಮೇಲೆ ಡಾಕ್ಟರ್ ಬಂದ್ರು. ಆಮೇಲೆ ಮುಗೀತು." ದೀಪಾವಳಿಯ ಹೊತ್ತಿಗೆ ಬರೆಸಿದ್ದು: "ಆನೆ ಡಾಕ್ಟರ್ ಹತ್ರ ಬರಲ್ಲ ಅಂತು. ಯಾಕಂದ್ರೆ ಸೂಜಿ ಚುಚ್ತಾರೆ. ಇಲಿ ನಾನೂ ಜೊತೇಲಿ ಬರ್ತೀನಿ ಅಂತು. ಇಲಿಗೂ ಭಯ ಇತ್ತು, ಆದ್ರೆ ಹೇಳ್ಲಿಲ್ಲ." ಈ ಎರಡರ ನಡುವಿನ ಐದು ತಿಂಗಳಲ್ಲಿ "ಆಮೇಲೆ"ಗಳು ಕಡಿಮೆಯಾಗಿ "ಯಾಕಂದ್ರೆ" ಬಂದಿದೆ, "ಆದ್ರೆ" ಬಂದಿದೆ. ಕೊನೆಯ ವಾಕ್ಯವನ್ನು ಬರೆದುಕೊಳ್ಳುವಾಗ ನಾನು ಪೆನ್ನು ನಿಲ್ಲಿಸಿ ಅವನನ್ನು ನೋಡಿದೆ. ಅವನು ಆಗಲೇ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ. ಆ ಭಾನುವಾರ ಅವರಪ್ಪ ಇಲಿಯಾಗಿ, ಅಮ್ಮ ಆನೆಯಾಗಿ ಇದನ್ನು ಆಡಿದರು. ಭಯವಿದ್ದೂ ಹೇಳದ ಇಲಿಯ ಪಾತ್ರವನ್ನು ಅವರಪ್ಪ ಅಷ್ಟೇನೂ ಚೆನ್ನಾಗಿ ಮಾಡಲಿಲ್ಲವೆಂದು ಪುಟ್ಟನ ಅಭಿಪ್ರಾಯ. ತುಂಬಾ ನಡುಗಿಬಿಟ್ಟರಂತೆ, ಆನೆಗೆ ಗೊತ್ತಾಗಿಬಿಡುತ್ತದಲ್ಲ.

ಆಟದಲ್ಲಿ ಯಾರು ಯಾವ ಭಾಷೆ ಆಡುತ್ತಾರೆ ಎಂಬುದನ್ನು ಗಮನಿಸಿದರೆ ಈ ಊರಿನ ಸಂಗತಿಗಳೂ ಕಾಣುತ್ತವೆ. ಆನೆ, ಇಲಿ, ಆಟೋ ಕನ್ನಡದವು. ಕರಡಿಮರಿ ಕೆಳಗಿನ ಮನೆಯ ಹುಡುಗನ ಪ್ರಭಾವದಿಂದ ಹಿಂದಿ ಆಡುತ್ತದೆ. ಡಾಕ್ಟರು ಮಾತ್ರ "ಓಪನ್ ಯುವರ್ ಮೌತ್" ಎಂದೇ ಶುರು ಮಾಡುವುದು. ಆನೆಗೆ ಇಂಗ್ಲಿಷ್ ಬಾರದೆಂದು ಒಮ್ಮೆ ನಾನು ಆನೆಯ ಪರವಾಗಿ ಅರ್ಜಿ ಹಾಕಿದೆ. ಡಾಕ್ಟರು ಯೋಚಿಸಿ, "ಆ ಅನ್ನು" ಎಂದರು. ಅಷ್ಟೂ ದಿನ ಬಾಯಿ ಬಿಡದ ಆನೆ ಅಂದು ಬಾಯಿ ಬಿಟ್ಟಿತು.

ಆಟಿಕೆಗಳ ಬಗ್ಗೆಯೂ ಎರಡು ಮಾತು. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ, ಹೊಟ್ಟೆ ಅದುಮಿದರೆ ಇಂಗ್ಲಿಷಿನಲ್ಲಿ ಹನ್ನೆರಡು ವಾಕ್ಯ ಹೇಳುವ ಬೊಂಬೆ ಇತ್ತು. ಅದು ಮಾತಾಡುವಷ್ಟು ಕಾಲ ಪುಟ್ಟ ಸುಮ್ಮನೆ ಕೂತು ಅದುಮುತ್ತಿದ್ದ. ಬ್ಯಾಟರಿ ಹೋದ ಮೇಲೆ ಅವಳು ಶೆಟ್ಟರ ಅಂಗಡಿಯ ಯಜಮಾನಿಯಾದಳು. ಚನ್ನಪಟ್ಟಣದ ಆಟಿಕೆಯನ್ನು ನಾನು ಹೊಗಳುವುದು ನಾಡಿನ ಅಭಿಮಾನದಿಂದಷ್ಟೇ ಅಲ್ಲ. ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಆ ಊರಿನಲ್ಲಿ ಆಲೆಮರದ ತುಂಡು ಲೇತಿನ ಮೇಲೆ ಗಿರ್ರೆಂದು ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಲೇತಿನಲ್ಲಿ ಬರುವುದೆಲ್ಲ ಗುಂಡಗಿನ ಆಕಾರವಾದ್ದರಿಂದ ಮುಖಕ್ಕೆ ಎರಡು ಚುಕ್ಕೆಯ ಕಣ್ಣು, ಒಂದು ಗೆರೆ ಇದ್ದರೆ ಹೆಚ್ಚು. ನಗುವೂ ಅಲ್ಲದ ಅಳುವೂ ಅಲ್ಲದ ಆ ಮುಖದ ಮೇಲೆ ಮಗು ಬೆಳಿಗ್ಗೆ ಸಿಟ್ಟನ್ನೂ ಸಂಜೆ ಹಸಿವನ್ನೂ ಇಡಬಹುದು. ಇಷ್ಟಾಗಿ ಬೆಲೆಯೂ ಮುಖ್ಯವಲ್ಲ. ನಮ್ಮ ಇಲಿ ಒಂದು ಬಟ್ಟೆ ಒಣಹಾಕುವ ಕ್ಲಿಪ್ಪು.

ದಸರೆಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿ, ದಶಾವತಾರ ಅದರ ಕೆಳಗೆ. ಅವನ್ನು ಯಾರೂ ಮುಟ್ಟುವಂತಿಲ್ಲ. ಅಮ್ಮ ಇದ್ದಾಗ ನೆಲದ ಮೇಲಿನ ಪಾರ್ಕು ಮಾತ್ರ ನಮ್ಮ ಸ್ವಾಧೀನಕ್ಕೆ ಬರುತ್ತಿತ್ತು, ರಾಗಿ ಚೆಲ್ಲಿ ಮೊಳೆಯಿಸಿದ ಹುಲ್ಲು, ಕನ್ನಡಿಯ ಕೆರೆ. ಈ ವರ್ಷ ಪುಟ್ಟನಿಗೆ ಅದನ್ನು ಬಿಟ್ಟುಕೊಟ್ಟೆ. ಶೆಟ್ಟಿ ಶೆಟ್ಟಮ್ಮನ ಅಂಗಡಿಯ ಮುಂದೆ ಅವನು ಸಾಲು ನಿಲ್ಲಿಸಿದ. ಮೂರು ಗಾಲಿಯ ಆನೆ ಎಲ್ಲರಿಗಿಂತ ಮುಂದೆ. ಗೊಂಬೆ ನೋಡಲು ಬಂದ ಹೆಂಗಸರು ಮೇಲಿನ ಮೆಟ್ಟಿಲುಗಳಿಗೆ ಕೈಮುಗಿದು ಕೆಳಗೆ ಕೂತು, "ಇದೇನೋ ಪುಟ್ಟಾ ಕಥೆ?" ಎಂದು ಕೇಳುವರು. ಒಬ್ಬೊಬ್ಬರಿಗೂ ಒಂದೊಂದು ಕಥೆ ಸಿಕ್ಕಿತು. ಆನೆ ಮುಂದೆ ನಿಂತದ್ದೇಕೆ ಎಂಬುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಉತ್ತರ: "ಅದಕ್ಕೆ ನಿಂತ್ಕೊಳ್ಳಕ್ಕಾಗಲ್ಲ, ಅದಕ್ಕೇ ಬಿಟ್ರು." ಚರ್ಪು ಕಟ್ಟಿಕೊಂಡು ಹೊರಟ ಒಬ್ಬರು ನಮ್ಮ ರಸ್ತೆಯ ಪಡಿತರ ಅಂಗಡಿಯಲ್ಲಿ ಹಾಗೆ ಬಿಡುವವರಿಲ್ಲವೆಂದು ಗೊಣಗಿಕೊಂಡೇ ಹೋದರು.

ಕಳೆದ ತಿಂಗಳು ಮತ್ತೆ ಮೈಸೂರಿನ ಕಡೆಯಿಂದ ಬರುವಾಗ ಚನ್ನಪಟ್ಟಣದಲ್ಲಿ ಇಳಿದು, ಲೇತಿನ ಕೆಲಸದವರೊಬ್ಬರಿಗೆ ಆನೆಯ ಅಳತೆ ಹೇಳಿ ಒಂದು ಗಾಲಿ ಮಾಡಿಸಿ ತಂದೆ. ಕೆಂಪು ಬಣ್ಣ, ನಡುವೆ ಹಳದಿಯ ಒಂದು ಸುತ್ತು, ಇನ್ನೂ ಅರಗಿನ ವಾಸನೆ. ಪುಟ್ಟ ಅದನ್ನು ಅಂಗೈಯಲ್ಲಿಟ್ಟು ನೋಡಿದ, ಮೂಸಿದ. ಫೆವಿಕಾಲ್ ತರಲು ನಾನು ಎದ್ದರೆ, "ಹಾಕ್ಬೇಡ ದೊಡ್ಡಮ್ಮ, ಆಮೇಲೆ ಆನೆ ಆಸ್ಪತ್ರೆಗೆ ಹೋಗಕ್ಕಾಗಲ್ಲ" ಎಂದ. ದಿವಾನದ ಕೆಳಗಿನಿಂದ ಆಟೋ ಬಂತು. ಕ್ಯೂ ಮುಗಿಸಿ, ಗ್ಯಾಸ್ ಹಾಕಿಸಿಕೊಂಡೇ ಬಂದಿತ್ತು. ಅದರ ಮುಂದೆ ಒಂದು ಬಾಟಲಿ ಮುಚ್ಚಳದಲ್ಲಿ ನೀರು, ಒಂದು ಎಲೆ. ಎಲೆಯ ಮೇಲೆ ಕೆಂಪು ಗಾಲಿಯನ್ನು ಮೆಲ್ಲಗೆ ಇಟ್ಟು, ಅವನು ಆಟೋಗೆ ಹೇಳಿದ: "ಅಕ್ಕಿರೊಟ್ಟಿ. ಬಿಸಿ ಇದೆ, ನಿಧಾನಕ್ಕೆ ತಿನ್ನಿ. ಆಮೇಲೆ ಹೋಗೋಣ."